ಹೊಸ ಕಾರಿಗೆ ಹೊರಗಿನ ಬ್ರೇಕ್ ಪ್ಯಾಡ್

ನಾರಾಯಣಪೇಟೆ, ಮಕ್ತಲ್, ಗದ್ವಾಲದಂಥ ಊರುಗಳಲ್ಲಿ ಸ್ವಿಫ್ಟ್, ಆಲ್ಟೊ, ಬೊಲೆರೊ ಗಾಡಿಗಳ ಬ್ರೇಕ್ ಪ್ಯಾಡ್ ಸಿಗುವುದು ಕಷ್ಟವಲ್ಲ. ಮೊನ್ನೆ ಮೊನ್ನೆ ರಸ್ತೆಗಿಳಿದ ಮಾಡೆಲ್ ಆದರೆ, 'ರಾಯಚೂರಿನಾಗ ಕೇಳ್ರಿ, ಇಲ್ಲಾಂದ್ರ ಹೈದರಾಬಾದಿನಿಂದ ತರಿಸಬೇಕು' ಎಂಬ ಮಾತು ಬರುತ್ತದೆ. ಇದಕ್ಕೆ ಅಂಗಡಿಯವರನ್ನು ದೂರಿ ಫಲವಿಲ್ಲ. ಪ್ಯಾಡ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅದನ್ನು ಹುಡುಕುವ ದಾರಿಯೂ ತಿಳಿಯುತ್ತದೆ.

ಓಡುವ ಕಾರನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಶಾಖವಾಗಿ ಬದಲಿಸುವುದು. 1,200 ಕೆ.ಜಿ. ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 3 ಲಕ್ಷ ಜೂಲ್ ಶಕ್ತಿ ಇರುತ್ತದೆ. ಹೆಚ್ಚುಕಡಿಮೆ ಒಂದು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಅಷ್ಟೂ ಶಾಖ ಕೆಲವೇ ಸೆಕೆಂಡುಗಳಲ್ಲಿ ಹುಟ್ಟುತ್ತದೆ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಎರ್ರವಳ್ಳಿ ಚೌರಸ್ತೆಯಲ್ಲಿ ಬೆಂಗಳೂರು–ಹೈದರಾಬಾದ್ ಹೆದ್ದಾರಿ ಹತ್ತಿದ ಕಾರಿನ ಬ್ರೇಕಿಗೂ ಗದ್ವಾಲದ ಪೇಟೆಯೊಳಗೆ ತಿರುಗುವ ಕಾರಿನ ಬ್ರೇಕಿಗೂ ಇರುವ ವ್ಯತ್ಯಾಸ ಇದೇ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದು. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವುದು ಅದಕ್ಕೇ.

ಸವೆದ ಪ್ಯಾಡ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಹಿಂಬದಿಗೆ ಉಕ್ಕಿನ ತಗಡು, ಅದರ ಎರಡು ತುದಿಗೆ ಕಿವಿಗಳು. ಮುಂಬದಿಗೆ ಅಂಟಿಸಿದ ಬೂದುಗಪ್ಪು ಪದರ. ಹೊಸದಿದ್ದಾಗ ಈ ಪದರ ಸುಮಾರು 10 ಮಿ.ಮೀ. ದಪ್ಪವಿರುತ್ತದೆ, 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಎಷ್ಟೋ ಪ್ಯಾಡ್‌ಗಳಲ್ಲಿ ತೆಳುವಾದ ತಗಡಿನ ನಾಲಿಗೆಯೊಂದು ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರ್ರೆಂದು ಕೂಗಿ ಎಚ್ಚರಿಸುತ್ತದೆ.

ಈ ಪದರಕ್ಕೂ ಒಂದು ಕಥೆಯಿದೆ. 1888ರಲ್ಲಿ ಬರ್ತಾ ಬೆಂಜ್ ತನ್ನ ಗಂಡ ಕಟ್ಟಿದ ಮೋಟಾರು ಬಂಡಿಯಲ್ಲಿ ಜರ್ಮನಿಯ ಮನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಹೋದಾಗ ದಾರಿಯಲ್ಲಿ ಬ್ರೇಕಿನ ಮರದ ದಿಮ್ಮಿ ಸವೆಯಿತು. ಆಕೆ ಚಮ್ಮಾರರಿಂದ ಅದಕ್ಕೆ ಚರ್ಮ ಹೊಡೆಸಿಕೊಂಡಳು. ಮುಂದೆ ಚರ್ಮದ ಜಾಗಕ್ಕೆ ಕಲ್ನಾರು ಬಂತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಬೇರೆ ಬೇರೆ ನಾರು, ಲೋಹದ ಪುಡಿ, ಗ್ರಾಫೈಟ್, ಸೆರಾಮಿಕ್ ಕಣಗಳ ಮಿಶ್ರಣಗಳು ಬಂದವು. ಇವನ್ನು ಹಿಡಿದಿಡುವುದು ಫೀನಾಲಿಕ್ ರಾಳ. ಪ್ಯಾಡ್ ಮಿತಿಮೀರಿ ಕಾದರೆ ರಾಳದಿಂದ ಅನಿಲ ಹೊರಟು ಹಿಡಿತ ಸಡಿಲವಾಗುತ್ತದೆ. ಸರಿಯಾಗಿ ಬೇಯಿಸದ ಅಗ್ಗದ ಪ್ಯಾಡಿನಲ್ಲಿ ಇದು ಬೇಗ ಆಗುತ್ತದೆ.

ಹೊಸ ಮಾಡೆಲ್‌ಗೆ ಹೊರಗಿನ, ಅಂದರೆ ಕಾರು ಕಂಪನಿಯದಲ್ಲದ, ಪ್ಯಾಡ್ ತಡವಾಗಿ ಬರುವುದೇಕೆ? ತಗಡಿಗೆ ಹೊಸ ಅಚ್ಚು ಮಾಡಿಸಬೇಕು, ಮಿಶ್ರಣ ಹೊಂದಿಸಬೇಕು, ಪರೀಕ್ಷಿಸಬೇಕು. ವಾರಂಟಿ ಮುಗಿದ ಕಾರುಗಳು ಶೋರೂಮ್ ಬಿಟ್ಟು ಹೊರಗಿನ ಗ್ಯಾರೇಜಿಗೆ ಬರತೊಡಗಿದಾಗಲೇ ಆ ಖರ್ಚು ಗಿಟ್ಟುವುದು.

ಆದರೆ ಪ್ಯಾಡ್ ಕೂರುವುದು ಅದನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್‌ನಲ್ಲಿ. ಕಾರು ಹೊಸದಾದರೂ ಕ್ಯಾಲಿಪರ್ ಹಳೆಯ ಮಾಡೆಲ್‌ನದೇ ಆಗಿರಬಹುದು. 2023ರ ಮಾರುತಿ ಫ್ರಾಂಕ್ಸ್ ಮತ್ತು 2024ರ ಟೊಯೋಟಾ ಟೈಸರ್ ಬುಡದಲ್ಲಿ ಒಂದೇ ಕಾರು. ಬಲೆನೊ–ಗ್ಲಾಂಜಾ ಜೋಡಿಯೂ ಹಾಗೆಯೇ. ಇದಕ್ಕೆ ತಿರುಗುಮುರುಗಾಗಿ, ಒಂದೇ ಹೆಸರಿನ ಕಾರಿನಲ್ಲಿ ಎಂಜಿನ್ ಬದಲಾದರೆ ಡಿಸ್ಕಿನ ಅಳತೆಯೂ ಬದಲಾಗಬಹುದು. ಹೀಗಾಗಿ ಕಾರಿನ ಹೆಸರೊಂದನ್ನೇ ನಂಬಬಾರದು. ಹಳೆಯ ಪ್ಯಾಡ್ ಬಿಚ್ಚಿಸಿ, ತಗಡಿನ ಹಿಂದಿನ ನಂಬರ್ ಬರೆದುಕೊಳ್ಳಿ. ಉದ್ದ, ಎತ್ತರ ಅಳೆದು, ಕಿವಿಗಳ ಆಕಾರ ಕಾಣುವಂತೆ ಫೋಟೊ ತೆಗೆಯಿರಿ. ಅದರ ಜೊತೆ ಚಾಸಿ ನಂಬರ್ ಸೇರಿಸಿ ರಾಯಚೂರಿನ ಇಲ್ಲವೇ ಹೈದರಾಬಾದಿನ ಅಂಗಡಿಗೆ ವಾಟ್ಸಾಪ್ ಮಾಡಿದರೆ, ಸರಿಯಾದ ಮಾಲು ಬಸ್ಸಿನ ಪಾರ್ಸೆಲ್‌ನಲ್ಲಿ ಬರುತ್ತದೆ.

ಬಂದದ್ದು ಕೂತರೆ ಸಾಲದು, ಹಿಡಿಯಲೂ ಬೇಕು. ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಅಚ್ಚಾದ ಸಂಕೇತದ ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ತಾಪದಲ್ಲಿನ ಘರ್ಷಣೆ, ಎರಡನೆಯದು ಕಾದಾಗಿನದು. 'ಇ' ಎಂದರೆ ಘರ್ಷಣಾಂಕ 0.25ರಿಂದ 0.35, 'ಎಫ್' 0.35ರಿಂದ 0.45, 'ಜಿ' 0.45ರಿಂದ 0.55. ಹಳೆಯದರಲ್ಲಿ 'ಎಫ್‌ಎಫ್' ಇದ್ದು ಹೊಸದರಲ್ಲಿ 'ಇಇ' ಇದ್ದರೆ ಬೇಡವೆನ್ನಿ. ಯೂರೋಪಿನ 'ಆರ್90' ಗುರುತು ಇದ್ದರೆ ಇನ್ನೂ ಒಳ್ಳೆಯದು: ಬದಲಿ ಪ್ಯಾಡಿನ ಕೆಲಸ ಮೂಲ ಪ್ಯಾಡಿಗೆ ಹತ್ತಿರವಿರಬೇಕೆಂದು ಪರೀಕ್ಷಿಸಿ ಒಪ್ಪುವ ನಿಯಮ ಅದು. ಇಂಥದ್ದು ಸಿಗದಿದ್ದರೆ ಕಂಪನಿ ಪಾರ್ಟನ್ನೇ ತರಿಸಿ. ನಾಲ್ಕು ಕಾಸು ಹೆಚ್ಚಾದರೂ ಸರಿ, ಏಕೆಂದರೆ ಎದುರಿಗೆ ಅಡ್ಡ ಬರುವುದು ಯಾರದೋ ಮಗು, ಯಾರದೋ ಸೈಕಲ್ಲು.

'ಒಂಚೂರು ಗ್ರೈಂಡ್ ಮಾಡಿ ಕೂಡ್ರಿಸ್ತೀನ್ರಿ' ಎಂದು ಮೆಕ್ಯಾನಿಕ್ ಹೇಳಿದರೆ ಒಪ್ಪಬೇಡಿ. ಕಿವಿಗಳನ್ನು ಉಜ್ಜಬೇಕಾಗಿ ಬಂದರೆ ಅದು ನಿಮ್ಮ ಕ್ಯಾಲಿಪರ್‌ನ ಪ್ಯಾಡ್ ಅಲ್ಲ. ಎರಡೂ ಬದಿಯ ಪ್ಯಾಡ್‌ಗಳನ್ನು ಒಟ್ಟಿಗೇ ಬದಲಿಸಿ. ಹೊಸದು ಹಾಕುವಾಗ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ, ಆದ್ದರಿಂದ ಮೊದಲ ಸಲ ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ. ಮೊದಲ 200–300 ಕಿ.ಮೀ. ನಿಧಾನವಾಗಿ ಬ್ರೇಕ್ ಹಾಕುತ್ತ ಓಡಿಸಿ. ಪ್ಯಾಡ್ ಡಿಸ್ಕಿಗೆ ಪೂರ್ತಿ ಒಗ್ಗಿಕೊಳ್ಳಲು ಅಷ್ಟು ಓಟ ಬೇಕು.