ಕೈ ನೋಡದೆ ಸ್ವರಲಿಪಿ ಓದಲು ಮಕ್ಕಳಿಗೆ ನೆರವಾಗಿ

ಕೀಬೋರ್ಡ್ ಕಲಿಯುವ ಅನೇಕ ಮಕ್ಕಳು ಕೇಳಿದ ಹಾಡನ್ನು ಬಾಯಿಪಾಠ ಮಾಡಿ ಚೆನ್ನಾಗಿ ನುಡಿಸುತ್ತಾರೆ. ಹೊಸ ಪುಟ ಎದುರಿಗಿಟ್ಟರೆ ಮಾತ್ರ ತಡವರಿಸುತ್ತಾರೆ. ಎಂದೂ ಕೇಳದ ಹಾಡನ್ನು ಓದಿಯೇ ಹಾಡುವಂತಾಗಲಿ ಎಂದು 11ನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟಿನ್ ಸನ್ಯಾಸಿ, ಅರೆಝ್ಝೊದ ಗ್ವಿಡೊ ಅವರು ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ರೂಪಿಸಿದರು. ಆ ಓದನ್ನು ಮನೆಯಲ್ಲೇ ರೂಢಿ ಮಾಡಿಸಬಹುದು.

ಮೊದಲಿಗೆ ಎರಡು ಗುರುತು ಸಾಕು. ಟ್ರೆಬಲ್ ಕ್ಲೆಫ್ ಸುತ್ತಿಕೊಳ್ಳುವ, ಕೆಳಗಿನಿಂದ 2ನೇ ಗೆರೆಯ ಸ್ವರ 'ಜಿ'. ಐದು ಗೆರೆಗಳ ಕೆಳಗೆ ಪುಟ್ಟ ಗೆರೆಯೊಂದರ ಮೇಲಿರುವುದು 'ಮಿಡಲ್ ಸಿ'. ಉಳಿದವನ್ನು ಇವುಗಳಿಂದ ಎಣಿಸಿ ಗುರುತಿಸಲಿ. ಪ್ರತಿ ಸ್ವರದಡಿ ಹೆಸರು ಬರೆದುಕೊಡಬೇಡಿ. ಬರೆದರೆ ಮಗು ಅಕ್ಷರವನ್ನಷ್ಟೇ ಓದುತ್ತದೆ.

ದಿನವೂ ಮಗುವಿನ ಮಟ್ಟಕ್ಕಿಂತ ಸುಲಭವಾದ, ಕೇಳಿರದ 4 ಬಾರ್‌ಗಳನ್ನು ಕೊಡಿ. ಮೊದಲು ಎಣಿಸುತ್ತಾ ಚಪ್ಪಾಳೆ ತಟ್ಟಲಿ, ಬಳಿಕ ನಿಧಾನವಾಗಿ ನುಡಿಸಲಿ. ಕೈಗಳ ಮೇಲೆ ಒಂದು ಪುಸ್ತಕವನ್ನು ಅಡ್ಡ ಹಿಡಿದರೆ ಕಣ್ಣು ಪುಟದಲ್ಲೇ ಉಳಿಯುತ್ತದೆ. ಸ್ವರ ತಪ್ಪಿದರೂ ನಿಲ್ಲಿಸಿ ತಿದ್ದಬೇಡಿ, ತಾಳ ಮುಂದುವರಿಯಲಿ. ಐದೇ ನಿಮಿಷ ಸಾಕು, ಆದರೆ ತಪ್ಪದೆ ಮಾಡಿಸಿ.

ಹೀಗೆ ಓದಲು ಕಲಿತ ಮಗು ಮುಂದೆ ಯಾರೂ ನುಡಿಸಿ ತೋರಿಸದಿದ್ದರೂ ಗಾಯನ ಮಂಡಳಿಗೆ ಹೊಸ ಹಾಡನ್ನು ಪುಟ ನೋಡಿಯೇ ನುಡಿಸಬಲ್ಲದು.