ನಿಮಗಿದು ಗೊತ್ತೆ? ಗಡ್ಡೆಯಲ್ಲೇ ನಿಲ್ಲುವ ಕಿರಣ
ಎಕ್ಸ್‌-ಕಿರಣ ಕ್ಯಾನ್ಸರ್ ಗಡ್ಡೆಯನ್ನು ಹಾದು ಆಚೆಬದಿಯಿಂದ ಹೊರಬೀಳುತ್ತದೆ. ದಾರಿಯಲ್ಲಿ ಸಿಕ್ಕ ಆರೋಗ್ಯವಂತ ಅಂಗಗಳಿಗೂ ಅಷ್ಟಿಷ್ಟು ತಾಗುತ್ತದೆ. ಪ್ರೋಟಾನ್ ಕಣಗಳ ಕಿರಣ ಹಾಗಲ್ಲ, ಗೊತ್ತುಪಡಿಸಿದ ಆಳದಲ್ಲಿ ಶಕ್ತಿಯ ಬಹುಪಾಲನ್ನು ಸುರಿದು ಅಲ್ಲೇ ನಿಲ್ಲುತ್ತದೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲೇ ಸೂಚಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. ಮಕ್ಕಳ ಮೆದುಳು, ಬೆನ್ನುಹುರಿಯ ಗಡ್ಡೆಗಳಿಗೆ, ತಲೆಬುರುಡೆಯ ಬುಡದ ಗಡ್ಡೆಗಳಿಗೆ ಇದು ನಿಜಕ್ಕೂ ವರ. ಹಾಗೆಂದು ಎಲ್ಲ ಕ್ಯಾನ್ಸರಿಗೂ ಇದೇ ಮೇಲು ಎನ್ನಲಾಗದು. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 450 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಹೊರಬಂದಾಗ, ಸುಧಾರಿತ ಎಕ್ಸ್‌-ಕಿರಣ ಪಡೆದವರಿಗೂ ಪ್ರೋಟಾನ್ ಪಡೆದವರಿಗೂ ಬದುಕಿನ ಗುಣಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಪ್ರೋಟಾನ್ ಕೇಂದ್ರಗಳಿರುವ ಚೆನ್ನೈ (ಅಪೋಲೋ, 2019ರಿಂದ) ಮತ್ತು ನವಿ ಮುಂಬೈಯ ಖಾರ್ಘರ್ (ಟಾಟಾ ಸ್ಮಾರಕ) ಎರಡಕ್ಕೂ ನಮ್ಮ ಯಾದಗಿರಿಯಿಂದ ರೈಲುಹಾದಿಯಿದೆ. ಆದರೆ ಕಿರಣ ಚಿಕಿತ್ಸೆ ಒಂದು ದಿನದ ಕೆಲಸವಲ್ಲ. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರ. ನಮ್ಮ ಜಿಲ್ಲೆಯ ಶಹಾಪುರ, ಸುರಪುರದ ರೈತ ಕುಟುಂಬ ಅಷ್ಟು ಕಾಲ ದೂರದೂರಲ್ಲಿ ನಿಲ್ಲುವುದು ಸುಲಭವೇ? ‘ಬಡವರಿಗೆ ಹಳೆಯ ಎಕ್ಸ್‌-ಕಿರಣವೇ ಸಾಕೆನ್ನುತ್ತೀರಾ?’ ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ಪ್ರೋಟಾನ್ ಬೇಕೇಬೇಕಾದ ಮಗುವಿಗೆ ಬಡತನ ಅಡ್ಡಬರಬಾರದು. ಆದರೆ ಬೇರೆ ಕ್ಯಾನ್ಸರುಗಳಲ್ಲಿ ಸಮಯದ ಬೆಲೆಯನ್ನೂ ನೋಡಬೇಕು. ಉದಾಹರಣೆಗೆ, ಗರ್ಭಕಂಠದ ಕ್ಯಾನ್ಸರಿನಲ್ಲಿ ಶುರುವಾದ ಎಂಟು ವಾರದೊಳಗೆ ಇಡೀ ಚಿಕಿತ್ಸೆ ಮುಗಿಯುವುದು ಮುಖ್ಯ. ಪ್ರೋಟಾನಿಗೆಂದು ಹಣ ಹೊಂದಿಸುತ್ತ ಕಳೆದ ತಿಂಗಳು ಮರಳಿ ಬಾರದು. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಮೊದಲು ಅಲ್ಲಿನ ವೈದ್ಯರನ್ನು ಕಾಣಿ, ಶುರುಮಾಡಿದ ಚಿಕಿತ್ಸೆಯನ್ನು ನಡುವೆ ಬಿಡಬೇಡಿ.