ಗೊತ್ತಿರುವ ಪದವೇ ದಾರಿ ತಪ್ಪಿಸಿದಾಗ

ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿರುತ್ತದೆ. ಅದನ್ನು ಹೊಂದಿರುವವರನ್ನು 'ಲೆಟ್' ಆಗಲಿ 'ಹಿಂಡ್ರೆನ್ಸ್' ಆಗಲಿ ಇಲ್ಲದೆ ಹೋಗಗೊಡಬೇಕು ಎಂಬುದು ಅದರ ಸಾರ. 'ಹಿಂಡ್ರೆನ್ಸ್' ಎಂದರೆ ಅಡ್ಡಿ, ಸರಿ. ಆದರೆ 'ಲೆಟ್' ಎಂದರೆ 'ಬಿಡು' ಎಂದಲ್ಲವೇ ನಾವು ಶಾಲೆಯಲ್ಲಿ ಕಲಿತದ್ದು? ಬಿಡುವಿಕೆಯೂ ಅಡ್ಡಿಯೂ ಒಂದೇ ಸಾಲಿನಲ್ಲಿ ಹೇಗೆ ಕುಳಿತವು?

ಉತ್ತರ ಸಾವಿರ ವರ್ಷ ಹಿಂದಿನ ಇಂಗ್ಲಿಷಿನಲ್ಲಿದೆ. ಆಗ 'ಲ್ಯಾಟನ್' ಎಂದರೆ ಬಿಡು, 'ಲೆಟ್ಟನ್' ಎಂದರೆ ತಡೆ. ಇವು ಬೇರೆ ಬೇರೆ ಕ್ರಿಯಾಪದಗಳು. ಕಾಲಕ್ರಮದಲ್ಲಿ ಕೊನೆಯ ಅಕ್ಷರಗಳು ಸವೆದು ಎರಡೂ 'ಲೆಟ್' ಎಂಬ ಒಂದೇ ರೂಪಕ್ಕೆ ಬಂದವು. 'ಬಿಡು' ಎಂಬ ಅರ್ಥ ಉಳಿಯಿತು, 'ತಡೆ' ಎಂಬುದು ಬಳಕೆ ತಪ್ಪಿತು. ಪಾಸ್‌ಪೋರ್ಟಿನಂಥ ಕಾನೂನಿನ ಭಾಷೆಯಲ್ಲಿ ಮಾತ್ರ ಅದು ಪಳೆಯುಳಿಕೆಯಂತೆ ನಿಂತಿದೆ. ಟೆನಿಸ್ ಆಟದಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ಆಚೆ ಬಿದ್ದಾಗ ಕೇಳಿಬರುವ 'ಲೆಟ್' ಕೂಡ ಈ ಅಡ್ಡಿಯೇ.

ಹ್ಯಾಮ್ಲೆಟ್ ನಾಟಕದಲ್ಲಿ ತಂದೆಯ ಪ್ರೇತದ ಹಿಂದೆ ಹೊರಟ ರಾಜಕುಮಾರನನ್ನು ಗೆಳೆಯರು ಹಿಡಿದು ನಿಲ್ಲಿಸುತ್ತಾರೆ. ತನ್ನನ್ನು 'ಲೆಟ್' ಮಾಡುವವನನ್ನು ಕೊಂದೇಬಿಡುತ್ತೇನೆ ಎಂದು ಆತ ಅಬ್ಬರಿಸುತ್ತಾನೆ. ಇಲ್ಲಿ 'ಬಿಡುವವನನ್ನು' ಎಂದು ಓದಿಕೊಂಡರೆ ಇಡೀ ಸನ್ನಿವೇಶ ತಲೆಕೆಳಗಾಗುತ್ತದೆ.

ಹಳೆಯ ಇಂಗ್ಲಿಷ್ ಓದುವ ವಿದ್ಯಾರ್ಥಿಗೆ ನಿಜವಾದ ತೊಡಕು ಇದೇ. ಅಪರಿಚಿತ ಪದ ಬಂದರೆ ನಾವು ನಿಘಂಟು ತೆರೆಯುತ್ತೇವೆ. ಪರಿಚಿತ ಪದ ಬಂದರೆ ನಿಲ್ಲದೆ ಮುಂದೆ ಹೋಗುತ್ತೇವೆ. ಎಡವುವುದು ಅಲ್ಲೇ.

ಯಾವುದು ಹಳೆಯ ಇಂಗ್ಲಿಷ್?

ಕನ್ನಡದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂದು ವಿಂಗಡಿಸುವಂತೆ ಇಂಗ್ಲಿಷಿನಲ್ಲೂ ಮೂರು ಘಟ್ಟಗಳಿವೆ. ಸುಮಾರು ಕ್ರಿ.ಶ. 450ರಿಂದ 1150ರವರೆಗಿನದು ಹಳೆಯ ಇಂಗ್ಲಿಷ್. ಅಲ್ಲಿಂದ ಸುಮಾರು 1500ರವರೆಗಿನದು ನಡು ಇಂಗ್ಲಿಷ್. ಷೇಕ್ಸ್‌ಪಿಯರ್ (1564-1616) ಬರೆದದ್ದು ಹೊಸ ಇಂಗ್ಲಿಷಿನ ಆರಂಭದ ರೂಪ. ಆತನ ಭಾಷೆ ನಮಗೆ ಹಳೆಯದೆನಿಸಿದರೂ ಭಾಷಾಶಾಸ್ತ್ರದ ಲೆಕ್ಕದಲ್ಲಿ ಅದು ಹೊಸದೇ. ಹಳೆಯ ಇಂಗ್ಲಿಷಿನ 'ಬಿಯೊವುಲ್ಫ್' ಕಾವ್ಯವನ್ನು ಇಂದಿನ ಇಂಗ್ಲಿಷರೂ ಪ್ರತ್ಯೇಕವಾಗಿ ಕಲಿತೇ ಓದಬೇಕು.

ಅರ್ಥಗಳ ಪ್ರಯಾಣ

ಕೆಲವು ಪದಗಳ ಅರ್ಥ ಕುಗ್ಗುತ್ತದೆ. 'ಡಿಯರ್' ಎಂದರೆ ಇಂದು ಜಿಂಕೆ, ಹಿಂದೆ ಯಾವುದೇ ಪ್ರಾಣಿ. ಕಿಂಗ್ ಲಿಯರ್ ನಾಟಕದಲ್ಲಿ ಇಲಿಗಳೂ 'ಡಿಯರ್'ಗಳ ಸಾಲಿಗೆ ಸೇರುತ್ತವೆ. ನಮಗಿದು ವಿಚಿತ್ರವಾಗಬೇಕಿಲ್ಲ. ಮೃಗಾಲಯದ 'ಮೃಗ' ಎಂದರೆ ಎಲ್ಲ ಪ್ರಾಣಿ, ಸೀತೆ ಬಯಸಿದ ಮಾಯಾಮೃಗ ಮಾತ್ರ ಜಿಂಕೆ. 'ಮೀಟ್' ಎಂದರೆ ಹಿಂದೆ ಯಾವುದೇ ಆಹಾರ, ಈಗ ಮಾಂಸ. ಸಿಹಿತಿಂಡಿಗೆ 'ಸ್ವೀಟ್‌ಮೀಟ್' ಎನ್ನುವುದು ಆ ಹಳೆಯ ಅರ್ಥದ ಉಳಿಕೆ. 'ಸ್ಟಾರ್ವ್' ಎಂದರೆ ಸಾಯುವುದು ಎಂದಷ್ಟೇ ಇತ್ತು, ಅದು ಬರಬರುತ್ತಾ ಹಸಿವಿನಿಂದ ಸಾಯುವುದು ಎಂದಾಯಿತು.

ಕೆಲವು ಪದಗಳು ಮಾನ ಕಳೆದುಕೊಳ್ಳುತ್ತವೆ. ಇಂದು 'ಪೆದ್ದ' ಎಂಬರ್ಥದ 'ಸಿಲ್ಲಿ' ಒಮ್ಮೆ ಧನ್ಯನಾದವನನ್ನು ಹೇಳುತ್ತಿತ್ತು. ಧನ್ಯ, ನಿಷ್ಪಾಪಿ, ಪಾಪದವ, ಪೆದ್ದ ಹೀಗೆ ಅದು ಮೆಟ್ಟಿಲಿಳಿಯಿತು. 'ನೇವ್' ಎಂದರೆ ಮೊದಲು ಹುಡುಗ, ನಂತರ ಸೇವಕ, ಕೊನೆಗೆ ಠಕ್ಕ. ಇನ್ನು ಕೆಲವು ಮೇಲೇರುತ್ತವೆ. 'ನೈಟ್' ಎಂಬ ವೀರನೂ ಮೂಲದಲ್ಲಿ ಬರೀ ಹುಡುಗನೇ. ಲ್ಯಾಟಿನ್ನಿನ 'ತಿಳಿಯದವ' ಎಂಬ ಪದದಿಂದ ಹುಟ್ಟಿದ 'ನೈಸ್' ಇಂದು ಮೆಚ್ಚುಗೆಯ ಮಾತು.

ಕನ್ನಡವೇ ಕೀಲಿಕೈ

ರಾತ್ರಿ ಉಪ್ಪರಿಗೆಯಲ್ಲಿ ನಿಂತ ಜೂಲಿಯೆಟ್ ರೋಮಿಯೋನ ಹೆಸರೆತ್ತಿ 'ವೇರ್‌ಫೋರ್' ಎಂದು ಕೇಳುತ್ತಾಳೆ. ಆಕೆ ಅವನೆಲ್ಲಿದ್ದಾನೆಂದು ಹುಡುಕುತ್ತಿದ್ದಾಳೆ ಎಂದು ಹಲವರು ತಿಳಿಯುತ್ತಾರೆ. 'ವೇರ್‌ಫೋರ್' ಎಂದರೆ 'ಎಲ್ಲಿ' ಅಲ್ಲ, 'ಏಕೆ'. ಒಲಿದವನು ವೈರಿಮನೆತನದ ಹೆಸರನ್ನೇಕೆ ಹೊತ್ತಿದ್ದಾನೆ ಎಂಬುದು ಆಕೆಯ ಸಂಕಟ. ಇದು ತಿಳಿದರಷ್ಟೇ, ಹೆಸರನ್ನೇ ತೊರೆ ಎಂದು ಆಕೆ ಮುಂದೆ ಆಡುವ ಮಾತಿಗೆ ಅರ್ಥ ಬರುತ್ತದೆ.

ಇಂದಿನ ಇಂಗ್ಲಿಷಿನಲ್ಲಿ ಎಲ್ಲರಿಗೂ 'ಯು'. ಷೇಕ್ಸ್‌ಪಿಯರನ ಕಾಲದಲ್ಲಿ ಸಲುಗೆಗೆ 'ದೌ', ಗೌರವಕ್ಕೆ 'ಯು' ಇತ್ತು, ಅಂದರೆ ನಮ್ಮ 'ನೀನು', 'ನೀವು'. ಪಾತ್ರವೊಂದು ಮಾತಿನ ನಡುವೆ 'ಯು' ಬಿಟ್ಟು 'ದೌ'ಗೆ ಇಳಿದರೆ ಅಲ್ಲಿ ಪ್ರೀತಿ ಉಕ್ಕಿರಬಹುದು, ಸಿಟ್ಟೋ ತಿರಸ್ಕಾರವೋ ಇರಬಹುದು. ಜಗಳದಲ್ಲಿ 'ನೀವು' ಹೋಗಿ 'ನೀನು' ಬಂದಾಗ ಏನಾಗುತ್ತದೆಂದು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಹಿದರ್', 'ದಿದರ್', 'ವಿದರ್' ಎಂಬ ಮೂರನ್ನು ಗಟ್ಟಿ ಹೊಡೆಯುವ ಕಷ್ಟವೂ ಬೇಡ. ಅವು ಇತ್ತ, ಅತ್ತ, ಎತ್ತ. 'ಹೆನ್ಸ್', 'ದೆನ್ಸ್', 'ವೆನ್ಸ್' ಎಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಕನ್ನಡದಲ್ಲಿ ಇ, ಅ, ಎ ಮಾಡುವ ಕೆಲಸವನ್ನು ಅಲ್ಲಿ ಮೊದಲ ವ್ಯಂಜನ ಮಾಡುತ್ತದೆ.

ನಿಘಂಟು ನೋಡುವ ಬಗೆ

ಪದದ ಮೊದಲ ಅರ್ಥಕ್ಕೇ ನಿಲ್ಲಬೇಡಿ. 'ಆರ್ಕೇಯಿಕ್' ಎಂಬ ಗುರುತಿದ್ದರೆ ಆ ಅರ್ಥ ಹಳೆಯದು, ಆದರೂ ಅಲ್ಲಲ್ಲಿ ಬಳಕೆಯಲ್ಲಿದೆ. 'ಆಬ್ಸಲೀಟ್' ಎಂದಿದ್ದರೆ ಬಳಕೆ ನಿಂತುಹೋಗಿದೆ. 1884ರಲ್ಲಿ ಮೊದಲ ಕಂತು ಹೊರಬಂದು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಮಹಾನಿಘಂಟು ಪ್ರತಿ ಅರ್ಥಕ್ಕೂ ಇಸವಿ ಸಹಿತ ಬಳಕೆಯ ಉದಾಹರಣೆ ಕೊಡುತ್ತದೆ. ನಿಮ್ಮ ಪಠ್ಯ ಬರೆದ ಕಾಲಕ್ಕೆ ಯಾವ ಅರ್ಥ ಚಾಲ್ತಿಯಲ್ಲಿತ್ತು ಎಂಬುದನ್ನು ಅದರಲ್ಲಿ ಹುಡುಕಿ. ಹಳೆಯ ಬರಹದಲ್ಲಿ ಚಿರಪರಿಚಿತ ಪದವೊಂದು ವಾಕ್ಯಕ್ಕೆ ಹೊಂದದೆ ಹೋದರೆ, ಲೇಖಕ ತಪ್ಪಿದನೆಂದು ತೀರ್ಮಾನಿಸುವ ಮೊದಲು ಆ ಪದದ ವಯಸ್ಸನ್ನು ವಿಚಾರಿಸಿ.